ರೋಮಿನಲ್ಲಿ ಓಡಿಹೋದ ಮೇಷ್ಟ್ರು

ಮೂವತ್ತು ವರ್ಷದ ಮೇಲೆ ಸಿಕ್ಕಿದ ಗೆಳೆಯನ ಕೈಯಿಂದ ತಪ್ಪಿಸಿಕೊಂಡು ರಘುಪತಿ ಮೇಷ್ಟ್ರು ರೋಮಿನ ನಡುಬೀದಿಯಲ್ಲಿ ಓಟ ಕಿತ್ತರಲ್ಲ, ಅದಕ್ಕೆ ಕಾರಣ ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹೇಳದಿದ್ದರೂ ನೈರೋಬಿಯ ಕನ್ನಡದವರು ಹೇಳಿಯೇ ಹೇಳುತ್ತಾರೆ.

ಮೇಷ್ಟ್ರ ಮನೆ ನೈರೋಬಿಯ ಅಂಚಿನ ಲಂಗಾಟಾದಲ್ಲಿ, ಕೆಲಸ ಶಾಲೆಯೊಂದರಲ್ಲಿ ನನ್ನಂಥವರಿಗೆ ಗಣಿತ ಹೇಳುವುದು. ಪೇಟೆಗೆ ಹೊರಡುವುದೆಂದರೆ ಯುದ್ಧಕ್ಕೆ ಹೊರಟ ಹಾಗೆ. ಕೈಗಡಿಯಾರ ಎಡಗಾಲಿನ ಕಾಲುಚೀಲದೊಳಗೆ ಇಳಿಯುತ್ತಿತ್ತು. ಅಂಗಿಯ ಜೇಬಿನಲ್ಲಿ ಇಂಕು ಮುಗಿದ ಪೆನ್ನೊಂದು ಮೆರೆಯುತ್ತಿತ್ತು. "ಕಿತ್ಕೊಂಡು ಹೋಗೋನಿಗೂ ಏನಾದ್ರೂ ಸಿಗ್ಬೇಕಲ್ಲಯ್ಯಾ, ಪಾಪ!" ಯಾರಾದರೂ ಟೈಮೆಷ್ಟು ಎಂದರೆ ಲೇಸು ಕಟ್ಟುವವರಂತೆ ಬಗ್ಗಿ, ಇಣುಕಿ, "ಹತ್ತೂಕಾಲು" ಎಂದು ನೆಲಕ್ಕೇ ಉತ್ತರ ಹೇಳುತ್ತಿದ್ದರು.

ಪೇಟೆಯಲ್ಲಿ ಮಟಾಟು ವ್ಯಾನಿನಿಂದ ಇಳಿಯುತ್ತಲೇ ನನಗೆ ಪಾಠ ಶುರು. "ನೋಡು, ಯಾರಾದ್ರೂ ನಗ್ತಾ ಬಂದು 'ಸಾರ್, ನನ್ನ ಗುರುತು ಸಿಗ್ಲಿಲ್ವಾ?' ಅಂದ್ರೆ ಮುಖ ಕೂಡ ನೋಡ್ಬೇಡ, ನಡೀತಾ ಇರು. ಬೆನ್ನು ಬಿದ್ರೆ ಬ್ಯಾಂಕಿನ ಅಸ್ಕರಿ ಪಕ್ಕ ಹೋಗಿ ನಿಂತ್ಕೊ." ಅಸ್ಕರಿ ಎಂದರೆ ನಮ್ಮಲ್ಲಿ ಕಾವಲುಗಾರ. ಹಿಂದೊಮ್ಮೆ ಹೀಗೇ ನಗುತ್ತ ಬಂದ 'ಹಳೇ ಶಿಷ್ಯ'ನೊಬ್ಬ ಅವರಿಗೆ ಟೀ ಕುಡಿಸಿ, ಅವರ ಕೊಡೆಯೊಂದಿಗೆ ಮಾಯವಾಗಿದ್ದ. ಯುಗಾದಿ ಕೂಟದಲ್ಲಿ ನಾನು ಇದನ್ನೆಲ್ಲ ಮಿಮಿಕ್ರಿ ಮಾಡಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಗಣಿತದ ಅಂಕ ಕೇಳಿಯೂ ಅಷ್ಟೇ ನಗುತ್ತಿದ್ದರೆನ್ನಿ.

ನಾನು ಓದಲು ಲಂಡನ್ನಿಗೆ ಹೊರಟ ವರ್ಷ ಮೇಷ್ಟ್ರು ರೋಮಿನವರೆಗೆ ಜೊತೆಗೆ ಬಂದರು. ಮೈಸೂರಿನ ಹಾಸ್ಟೆಲಿನಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿದ್ದ ಶಾಮಣ್ಣ ಆಗ ಜರ್ಮನಿಯಲ್ಲಿದ್ದರು. ಆರು ತಿಂಗಳು ಕಾಗದ ಬರೆದು ಗೊತ್ತುಮಾಡಿದ ಒಂದೇ ಒಂದು ದಿನ: ಹನ್ನೊಂದಕ್ಕೆ ದೊಡ್ಡ ಕಾರಂಜಿಯ ಬಳಿ ಭೇಟಿ, ನಾಲ್ಕಕ್ಕೆ ಶಾಮಣ್ಣನ ವಾಪಸು ರೈಲು. ಹಿಂದಿನ ದಿನ ಊರು ಸುತ್ತಲು ಹೋದಾಗಲೂ ಮೇಷ್ಟ್ರು ಒಂದು ಕಂಬವನ್ನೂ ಕತ್ತೆತ್ತಿ ನೋಡಲಿಲ್ಲ. "ಶಾಮ ಬರ್ಲಿ, ಒಟ್ಟಿಗೆ ನೋಡ್ತೀವಿ."

ಮರುದಿನ ಅವರು ಕಾರಂಜಿಯ ಆಚೆ ಬದಿ ನಿಂತು ಬಗ್ಗಿ ಬಗ್ಗಿ ಟೈಮು ನೋಡುತ್ತಿದ್ದಾಗ, ಈಚೆ ಬದಿಯಲ್ಲಿ ಬೋಳುತಲೆಯ ಶಾಮಣ್ಣ ನನಗೆ ಸಿಕ್ಕಿದರು. ನೆಟ್ಟಗೆ ಕರೆದುಕೊಂಡು ಹೋಗಬಾರದಿತ್ತೇ? ನಾಲಿಗೆ ತುರಿಸಿತು. "ಅಂಕಲ್, ಹಿಂದಿನಿಂದ ಹೋಗಿ ಹೆಗಲ ಮೇಲೆ ಕೈಯಿಟ್ಟು 'ಸಾರ್, ಡೋಂಟ್ ಯು ರಿಮೆಂಬರ್ ಮಿ?' ಅನ್ನಿ. ತಮಾಷೆ ನೋಡಿ" ಎಂದೆ. ನೈರೋಬಿಯ ರಾಗವನ್ನೂ ಕಲಿಸಿಕೊಟ್ಟೆ.

ಶಾಮಣ್ಣ ಹಾಗೇ ಅಂದರು. ಮೇಷ್ಟ್ರು ತಿರುಗಿಯೂ ನೋಡದೆ, ಸ್ವಾಹಿಲಿಯಲ್ಲೇ ಥ್ಯಾಂಕ್ಸ್ ಹೇಳುತ್ತ, "ಅಸಾಂಟೆ, ಅಸಾಂಟೆ!" ಎಂದು ಜನರ ನಡುವೆ ನುಗ್ಗಿ ಮಾಯವಾದರು.

ಮೂರು ಗಂಟೆ ಹುಡುಕಿದೆವು. ಮೊದಮೊದಲು ನಗುತ್ತಿದ್ದ ಶಾಮಣ್ಣ ಕೊನೆಗೆ ಒಂದು ಕಟ್ಟೆಯ ಮೇಲೆ ಕೂತುಬಿಟ್ಟರು. "ಮುಖ ಕೂಡ ನೋಡ್ದೆ ಹೋಗ್ಬಿಡ್ತೀನೇನೋ" ಎಂದರು. ಆಗ ಅಸ್ಕರಿಯ ಪಾಠ ನೆನಪಾಯಿತು. ಬೀದಿ ಬೀದಿಯ ಬ್ಯಾಂಕುಗಳನ್ನು ಹುಡುಕುತ್ತ ನಡೆದೆವು. ಮೂರನೆಯದರ ಬಾಗಿಲಲ್ಲಿ, ಬಂದೂಕು ಹಿಡಿದ ಕಾವಲುಗಾರನ ಪಕ್ಕ, ಅವನಿಗಿಂತ ನೆಟ್ಟಗೆ ನಿಂತಿದ್ದರು ಮೇಷ್ಟ್ರು. ಅವನು ಇವರನ್ನೇ ಅನುಮಾನದಿಂದ ನೋಡುತ್ತಿದ್ದ.

"ರಘೂ!" ಎಂದು ಶಾಮಣ್ಣ ಕೈ ಚಾಚಿದರು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.

"ಹಾಸ್ಟೆಲಲ್ಲಿ ನಮ್ಮ ರೂಮಿನ ಕಿಟಕಿ ಯಾವ ಕಡೆಗಿತ್ತು?"

"ಕಿಟಕಿ ಎಲ್ಲಿತ್ತೋ, ಮುಠ್ಠಾಳ!"

ಆಮೇಲೆ ಇಬ್ಬರೂ ಅಪ್ಪಿಕೊಂಡು ಅತ್ತರು. ಇಡೀ ರೋಮಿನಲ್ಲಿ ಅವರು ಒಟ್ಟಿಗೆ ನೋಡಿದ್ದು ಆ ಬ್ಯಾಂಕಿನ ಮೆಟ್ಟಿಲು ಮಾತ್ರ. ಅಲ್ಲೇ ಕೂತು, ಉಳಿದಿದ್ದ ಒಂದೂವರೆ ಗಂಟೆಯನ್ನು ಮಾತಿಗೆ ಸುರಿದರು. ಆ ಇಂಗ್ಲಿಷ್ ವಾಕ್ಯ ಕಲಿಸಿದ್ದು ಯಾರೆಂದು ಶಾಮಣ್ಣ ಬಾಯಿಬಿಟ್ಟಾಗ ಮೇಷ್ಟ್ರು ನನ್ನನ್ನು ಒಮ್ಮೆ ನೋಡಿದರು, ಬಯ್ಯಲಿಲ್ಲ. ಬೈದಿದ್ದರೆ ಅದನ್ನಾದರೂ ಮಿಮಿಕ್ರಿ ಮಾಡಬಹುದಿತ್ತು.

ನಾಲ್ಕು ವರ್ಷದ ಮೇಲೆ ರಜಕ್ಕೆ ನೈರೋಬಿಗೆ ಬಂದಾಗ, ಮೇಷ್ಟ್ರು ಆ ವಾರವೇ ಖಾಯಮ್ಮಾಗಿ ಮೈಸೂರಿಗೆ ಹೊರಡುತ್ತಾರೆಂದು ತಿಳಿಯಿತು. ಲಂಗಾಟಾಕ್ಕೆ ಹೋಗಿ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ನಡುಪೇಟೆಯ ಜನರ ನಡುವೆ, ಬಗ್ಗಿ ಕಾಲುಚೀಲ ಇಣುಕಿ ಎದ್ದ ಬೆನ್ನೊಂದು ಕಂಡಿತು. ನನಗಿನ್ನೂ ಬುದ್ಧಿ ಬಂದಿರಲಿಲ್ಲ. ಹಿಂದಿನಿಂದ ಹೋಗಿ, "ಸಾರ್, ನನ್ನ ಗುರುತು ಸಿಗ್ಲಿಲ್ವಾ?" ಎಂದೆ.

ಮೇಷ್ಟ್ರು ತಿರುಗಲಿಲ್ಲ, ನಡಿಗೆಯನ್ನೂ ನಿಧಾನ ಮಾಡಲಿಲ್ಲ.

"ಚೆನ್ನಾಗಿ ಸಿಕ್ತು. ಅದಕ್ಕೇ ನಿಲ್ತಿಲ್ಲ."