ಸಾಹೇಬರ ಬಲ ಮೊಣಕಾಲು

ಕೊಪ್ಪಳ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ನಮಗೆ ಫುಟ್‌ಬಾಲ್ ಕಲಿಸಿದವರು ರೈಲು ಹಳಿಗಳ ಇನ್ಸ್‌ಪೆಕ್ಟರ್ ಆಗಿದ್ದ ಒಬ್ಬ ಸ್ಕಾಟ್ಲೆಂಡಿನವರು. ಮೂವತ್ತರ ದಶಕದ ಕೊನೆ. ನಾನು ಅಲ್ಲಿ ಟಿಕೆಟ್ ಗುಮಾಸ್ತ, ತಂಡದ ಗೋಲ್‌ಕೀಪರ್.

ಕಲ್ಲಿದ್ದಲ ಗಣಿಯ ಊರಿನಲ್ಲಿ ಹುಟ್ಟಿದ ಸಾಹೇಬರು ಯೌವನದಲ್ಲಿ ಸಂಬಳ ಪಡೆದು ಆಡಿದವರು. ದೊಡ್ಡ ತಂಡ ಸೇರಿ ಹೆಸರು ಮಾಡುವ ಹೊತ್ತಿಗೆ ಎದುರಾಳಿಯೊಬ್ಬನ ಒದೆತಕ್ಕೆ ಬಲ ಮೊಣಕಾಲು ಮುರಿಯಿತು. ಆ ವೃತ್ತಿ ಅಲ್ಲಿಗೆ ಮುಗಿಯಿತು. ಒದ್ದವನು ನೋಡಲು ಬಂದನೇ ಎಂದು ಒಮ್ಮೆ ಕೇಳಿದೆ.

"ಯಾಕ ಬರಬೇಕು? ಅಂವ ತನ್ನ ಕೆಲಸ ಮಾಡ್ಯಾನ," ಎಂದರು, ಹಳಿ ಕೆಲಸದವರಿಂದ ಕಲಿತ ನಮ್ಮ ಕನ್ನಡದಲ್ಲೇ.

ಕಾಲು ಇನ್ನೊಬ್ಬರಿಗೆ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ರೂಢಿ. ಆಟದಲ್ಲಿ ಬಹುತೇಕರು ಅದನ್ನು ಬಿಟ್ಟಿದ್ದರು. ತಾವರಗೇರಾ ಕಡೆಯ, ಹಳಿ ರಿಪೇರಿ ಮಾಡುವ ಒಬ್ಬ ಗ್ಯಾಂಗ್‌ಮನ್ ಮಾತ್ರ ಬಿಟ್ಟಿರಲಿಲ್ಲ. ತಂಡದಲ್ಲಿ ಅವನಷ್ಟು ವೇಗದವನು ಇನ್ನೊಬ್ಬನಿರಲಿಲ್ಲ. ಆದರೆ ಕಾಲು ತಾಗಿತೆಂದರೆ ಚೆಂಡು ಬಿಟ್ಟು ಬಾಗುತ್ತಿದ್ದ.

"ಲೇ, ಕಾಯಿ ಕರ್ಪೂರನೂ ತಗೊಂಡು ಬಾರಲೇ ನಾಳಿಗೆ!" ಎಂದು ಉಳಿದವರು ಕಾಡುತ್ತಿದ್ದರು.

ಸಾಹೇಬರು ನಗಲಿಲ್ಲ. "ಇನ್ನೊಮ್ಮಿ ಬಗ್ಗಿದರ ಗಂಗಾವತಿ ಮ್ಯಾಚಿನಾಗ ನೀ ಇಲ್ಲ."

"ಇಲ್ರಿ ಸಾಹೇಬ್ರ, ಬಗ್ಗೂದಿಲ್ರಿ." ಗಂಗಾವತಿ ಅವನ ಹೆಂಡತಿಯ ತವರು. ಆಟ ನೋಡಲು ಬರುವುದಾಗಿ ಮಾವ ಹೇಳಿ ಕಳಿಸಿದ್ದ.

ಅದೇ ವಾರ ಅಭ್ಯಾಸದಲ್ಲಿ ಅವನನ್ನು ತಡೆಯಲು ಸಾಹೇಬರೇ ನಿಂತರು. ಅವನ ಬರಿಗಾಲಿನ ಹಿಮ್ಮಡಿ ನೇರವಾಗಿ ಅವರ ಬಲ ಮೊಣಕಾಲಿಗೆ ಬಿತ್ತು. ಸಾಹೇಬರು ಕುಸಿದರು. ಅವನ ಬೆನ್ನು ಬಾಗಿತು, ಕೈ ಅರ್ಧ ಚಾಚಿತು. ಮರುಕ್ಷಣವೇ ನೆಟ್ಟಗಾಗಿ ಓಡಿ, ಚೆಂಡನ್ನು ನನ್ನ ಪಕ್ಕದಿಂದ ಗೋಲಿಗೆ ಹೊಡೆದ.

ಸಾಹೇಬರು ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಮಣ್ಣಿನಲ್ಲಿ ಕುಳಿತಿದ್ದರು. "ಛಲೋ," ಎಂದರು. "ಹಿಂಗ ಆಡಬೇಕು." ಅವನು ನಮ್ಮ ಕಡೆ ತಿರುಗಲೇ ಇಲ್ಲ.

ಅವರನ್ನು ಎತ್ತಿಕೊಂಡು ಹೋಗಿ ಕ್ವಾರ್ಟರ್ಸಿನಲ್ಲಿ ಕೂರಿಸಿದೆವು. ಸಂಜೆ ನಾನು ಪಟ್ಟಿ ಕಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ಸಾಹೇಬ್ರ, ಈಗ ಮುಟ್ಟಲೇನ್ರಿ?"

ಸಾಹೇಬರು ಅವನನ್ನು ನೋಡಿದರು. ಪಟ್ಟಿ ಕಟ್ಟಿದ ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿದರು. ಅವನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊರಟುಹೋದ. ಅವರು ಗೋಡೆಯ ಕಡೆ ಮುಖ ತಿರುಗಿಸಿ, ದೀಪ ಸಣ್ಣದು ಮಾಡಲು ನನಗೆ ಹೇಳಿದರು.

ಗಂಗಾವತಿಯಲ್ಲಿ ಅವನು ಆಡಿದ. ಎದುರಾಳಿಯೊಬ್ಬನಿಗೆ ಕಾಲು ತಾಗಿತು, ಬಾಗಿದ. ಅವನು ಬಿಟ್ಟ ಆ ಚೆಂಡಿನಿಂದಲೇ ಗಂಗಾವತಿಯವರು ಗೋಲು ಹೊಡೆದರು, ನಾವು ಸೋತೆವು. ಗೆರೆಯ ಆಚೆ ಸಾಹೇಬರು ಕೋಲೂರಿ ನಿಂತಿದ್ದರು. ಮುಂದಿನ ಮ್ಯಾಚಿಗೂ ಅವನನ್ನೇ ಆರಿಸಿದರು.