ಗಂಗುಲಮ್ಮನ ತೋಳಿನ ಐದು ಎಳೆ

ಹಿಂದೂಪುರದ ನೇಕಾರರ ಕಾಲೋನಿಯಲ್ಲಿ ಗಂಗುಲಮ್ಮ ಅಂದರೆ ಯಾವ ಗಂಗುಲಮ್ಮ ಅಂತ ಯಾರೂ ಕೇಳುವುದಿಲ್ಲ. ಕೆಚ್ಚೋ ಗಂಗುಲಮ್ಮ, ಅಷ್ಟೇ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹಚ್ಚಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಅದೇ ಕೆಚ್ಚುವುದು. ಒಂದು ರೇಷ್ಮೆ ಹಾಸಿನಲ್ಲಿ ನಾಲ್ಕೂವರೆ ಸಾವಿರ ಎಳೆ. ಗಂಟು ಹಾಕುವ ಹಾಗಿಲ್ಲ, ಗಂಟು ಬಾಚಣಿಗೆಯಂಥ ಅಚ್ಚಿನ ಹಲ್ಲುಗಳ ನಡುವೆ ತೂರುವುದಿಲ್ಲ. ನಲವತ್ತು ವರ್ಷದಿಂದ ಮನೆಮನೆಗೆ ಹೋಗಿ ಈಕೆ ಮಾಡಿದ್ದು ಇಷ್ಟೇ. ಇಷ್ಟೇನಾ ಅನ್ನುವವರು ಕೂತು ನೂರು ಎಳೆ ಹೊಸೆದು ನೋಡಲಿ, ಆಮೇಲೆ ಮಾತಾಡೋಣ.

ಅವಳದೊಂದು ಹಟವಿತ್ತು. ಒಂದು ಹಾಸು, ಒಂದೇ ಕೈ. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಟ್ಟಬಾರದು, ಹೊಸೆತ ಬೇರೆಯಾದರೆ ಎಳೆ ಹರಿಯುತ್ತದೆ ಅನ್ನುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಅವಳು ಪರಿಗಿಗೆ ಮದುವೆಗೆ ಹೋಗಿದ್ದಾಗ ಅವಳು ಅರ್ಧ ಕೆಚ್ಚಿದ್ದ ಹಾಸನ್ನು ಪಕ್ಕದ ಬೀದಿಯ ಮುನೆಮ್ಮ ಮುಗಿಸಿದ್ದಳು. ಹತ್ತಿಪ್ಪತ್ತು ಎಳೆ ಹರಿದವು. ಗಂಗುಲಮ್ಮ ಬೀದಿಯಲ್ಲಿ ನಿಂತು, ಮುನೆಮ್ಮನ ಕೈ ಬಿದ್ದದ್ದಕ್ಕೇ ಹರಿದದ್ದು ಅಂತ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟಳು. ಮುನೆಮ್ಮನನ್ನು ಕೆಚ್ಚಲು ಕರೆಯುವವರು ಕಡಿಮೆಯಾದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಲಕ್ಷ್ಮಣಪ್ಪನ ಮನೆಯ ಹಾಸು. ಲಕ್ಷ್ಮಣಪ್ಪನಿಗೆ ಇರುವುದು ಒಂದೇ ಮಗ್ಗ. ಎರಡನೇ ದಿನ ಮಧ್ಯಾಹ್ನ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಸೆಕೆ, ಹೊಟ್ಟೆ ತುಂಬ ಮುದ್ದೆ, ಕಣ್ಣು ಎಳೆಯುತ್ತಿತ್ತು. ಬೇರೆಯವರಾಗಿದ್ದರೆ ಎದ್ದು ಹೋಗಿ ಪಡಸಾಲೆಯಲ್ಲಿ ಮಲಗುತ್ತಿದ್ದರು. ಗಂಗುಲಮ್ಮ ಏಳುವವಳಲ್ಲ. ಹಿಡಿದ ಎಳೆ ಕೈತಪ್ಪಬಾರದು ನೋಡಿ. ಬಲದೋಳನ್ನು ಮಗ್ಗದ ಹಲಗೆಯ ಮೇಲಿನಿಂದ ಆಚೆಗೆ ಇಳಿಬಿಟ್ಟು, ಬೆರಳನ್ನು ಎಳೆಗಳ ನಡುವೆ ಸಿಕ್ಕಿಸಿ, ಅದೇ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಲವತ್ತು ವರ್ಷ ಹೀಗೇ ಹತ್ತು ನಿಮಿಷ ಜೊಂಪು ಹತ್ತಿಸಿಕೊಂಡವಳು. ಅವತ್ತು ಎರಡು ಗಂಟೆ ಮಲಗಿಬಿಟ್ಟಳು.

ಎದ್ದಾಗ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಿದರೆ ತೋಳು ಬರುತ್ತದೆ, ಅಂಗೈ ಬರುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕೈಯ ಹಿಂಬದಿಯಲ್ಲಿ, ಚಿವುಟಿದರೂ ಗೊತ್ತಾಗಲಿಲ್ಲ. ಲಕ್ವ ಹೊಡೆಯಿತು ಅಂತ ಬೀದಿಯೆಲ್ಲ ಸೇರಿತು. ಡಾಕ್ಟರು ಮಾತ್ರ ಕಾಲು, ಮುಖ, ನಾಲಗೆ ಎಲ್ಲ ನೋಡಿ, "ಭಯಪಡಕಂಡಮ್ಮಾ," ಅಂತ ತೆಲುಗಿನಲ್ಲಿ ಸಮಾಧಾನ ಹೇಳಿ, ತೋಳಿನ ನರ ಅದುಮಿಹೋಗಿದೆ, ಫಿಜಿಯೋಥೆರಪಿ ಮಾಡಿಸಿ ಅಂದರು. ಎಷ್ಟು ದಿನಕ್ಕೆ ಬರುತ್ತದೆ ಅಂದರೆ ಕಾಯಬೇಕು ಅಂದರು. ಹಾಸಿನಲ್ಲಿ ಇನ್ನೂ ಸಾವಿರದ ಮುನ್ನೂರು ಎಳೆ ಬಾಕಿ. ಲಕ್ಷ್ಮಣಪ್ಪ ಅದರ ಮೇಲೆ ಹಳೆಯ ಪಂಚೆ ಹೊದಿಸಿದ. "ನಿನ್ ಕೈಯೇ ಬರ್ಲಿ ಬಿಡಕ್ಕ, ಕಾಯ್ತೀನಿ," ಅಂದ.

ಗಂಗುಲಮ್ಮನ ತಮ್ಮನ ಮಗಳು ಸರಿತಾ ಕಲ್ಯಾಣದುರ್ಗದ ಒಂದು ಕ್ಲಿನಿಕ್ಕಿನಲ್ಲಿ ಫಿಜಿಯೋಥೆರಪಿ ಕೆಲಸವನ್ನೇ ಮಾಡುತ್ತಾಳೆ. ಸೋದರತ್ತೆಯನ್ನು ತನ್ನ ಮನೆಯಲ್ಲೇ ಇರಿಸಿಕೊಂಡಳು. ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು, ಬಸ್ಸು ನಿಲ್ಲಿಸುವ ಹಾಗೆ ಕೈ ಎತ್ತು ಅಂದಳು. ಗಂಗುಲಮ್ಮ ತೋಳು ಚಾಚಿದಳು. ಅಂಗೈ ನೆಲ ನೋಡುತ್ತಿತ್ತು. ಅವಳಿಗೆ ಅಳು ಬಂತು. ಗಂಡ ಹೋದಾಗಲೂ ಜನರೆದುರು ಅತ್ತವಳಲ್ಲ, ಆ ಜೋಲು ಕೈ ನೋಡಿ ಅತ್ತಳು.

ಸರಿತಾ ಸಮಾಧಾನ ಮಾಡಲಿಲ್ಲ. ನೀಲಿ ಸ್ಕೆಚ್ ಪೆನ್ನು ತಂದು ಅತ್ತೆಯ ಮೈಮೇಲೆಯೇ ಬರೆಯತೊಡಗಿದಳು. "ಕುತ್ತಿಗೆಯಿಂದ ಐದು ನರ ಬತ್ತವೆ ಅತ್ತೆ. ಮೇಲಿನ್ ಎರಡು ಒಂದಾಯ್ತವೆ, ಕೆಳಗಿನ್ ಎರಡು ಒಂದಾಯ್ತವೆ, ನಡುವಿಂದು ಒಂಟಿ. ಮೂರಾಯ್ತಾ? ಆ ಮೂರೂ ಎರಡೆರಡಾಗಿ ಸೀಳ್ತವೆ. ಆರು. ಆ ಆರು ತಿರುಗಾ ಕೂಡ್ಕಂಡು ಮೂರು. ಆ ಮೂರರಿಂದ ತೋಳಿಗೆ ಐದು."

ಗಂಗುಲಮ್ಮನ ಅಳು ಎಲ್ಲಿ ನಿಂತಿತೋ ಅವಳಿಗೇ ತಿಳಿಯಲಿಲ್ಲ. ಐದು, ಮೂರು, ಆರು, ಮೂರು, ಐದು. ಹೆಗಲೆಲುಬಿನ ಕೆಳಗೆ, ಅಂಗೈ ಅಗಲದ ಜಾಗದಲ್ಲಿ ಇಷ್ಟು ಕೂಡುವುದು, ಇಷ್ಟು ಸೀಳುವುದು. ಇನ್ನೊಮ್ಮೆ ಹೇಳು ಅಂದಳು. ಮೂರನೇ ಸಲ ಹೇಳಿಸಿಕೊಂಡು ಕೇಳಿದಳು: "ಇದನ್ನ ಕೆಚ್ಚಿದ್ದು ಯಾರೇ?"

"ಯಾರೂ ಇಲ್ಲ. ತಾಯಿ ಹೊಟ್ಟೇಲಿ ಇದ್ದಾಗ್ಲೇ ತಾವೇ ಸೇರ್ಕಂತವೆ."

"ಗಂಟು?"

"ಒಂದೂ ಇಲ್ಲ ಅತ್ತೆ."

ಗಂಗುಲಮ್ಮ ತನ್ನ ತೋಳನ್ನೇ ತಿರುಗಿಸಿ ನೋಡಿಕೊಂಡಳು. ನಲವತ್ತು ವರ್ಷ ಬೂದಿ ಹಚ್ಚಿ ಹೊಸೆದ ಈ ಕೈಯ ಒಳಗೆ ಇಷ್ಟು ದಿನವೂ ಇಂಥ ಕೆಚ್ಚು ಇತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಅವ್ವನ ಹೊಟ್ಟೆಯ ಕತ್ತಲಲ್ಲಿ, ಯಾರ ಬೆರಳೂ ಮುಟ್ಟದೆ, ಎಳೆಗಳೇ ಎಳೆಗಳನ್ನು ಹುಡುಕಿಕೊಂಡು ಬಂದು ಸೇರಿದವು ಅಂದರೆ ಏನು ಹೇಳುವುದು? ಸರಿತಾ ಅವಳ ಎಡಗೈ ಬೆರಳುಗಳನ್ನು ಬಲದೋಳಿನ ಒಳಬದಿಗೆ ಒತ್ತಿಸಿದಳು. ಟಪ್ ಟಪ್ ಅಂತ ಮಿಡಿಯುತ್ತಿತ್ತು. ಅದು ರಕ್ತನಾಳ. ಕಂಕುಳಲ್ಲಿ, ಆರು ಕೂಡಿ ಆದ ಆ ಮೂರು ಎಳೆಗಳೂ ಅದನ್ನು ಸುತ್ತುವರಿದು ಜೊತೆಯಲ್ಲೇ ಇಳಿಯುತ್ತವೆ, ಅದಕ್ಕೇನೂ ಆಗಿಲ್ಲ, ಅದಕ್ಕೇ ಕೈ ಬೆಚ್ಚಗಿದೆ ಅಂತ ವಿವರಿಸಿದಳು. ಗಂಗುಲಮ್ಮ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಆಮೇಲೆ ಸರಿತಾ ತೋಳಿನ ಹಿಂಬದಿಗೆ ಒಂದು ಗೆರೆ ಸುತ್ತಿ ಎಳೆದಳು. ಪೆಟ್ಟು ಬಿದ್ದದ್ದು ಈ ನರಕ್ಕೆ. ತೋಳಿನ ಎಲುಬನ್ನು ಹಿಂದಿನಿಂದ ಸುತ್ತಿ, ಎಲುಬಿಗೆ ಅಂಟಿಕೊಂಡೇ ಹೋಗುತ್ತದೆ. ಹಲಗೆಯ ಅಂಚು ಸರಿಯಾಗಿ ಇಲ್ಲೇ ಒತ್ತಿದ್ದು. ಹರಿದಿಲ್ಲ, ನಲುಗಿದೆ. "ಮೇಲಿನ ಐದರ ಪಾಲೂ ಇದರೊಳಗೆ ಐತೆ ಅತ್ತೆ. ಐದೂ ಕಲೆತು ಇದೊಂದಾಗೈತೆ," ಅಂದಳು.

ಅವತ್ತಿನಿಂದ ಗಂಗುಲಮ್ಮ ಸ್ನಾನ ಮಾಡುವಾಗ ಆ ತೋಳಿಗೆ ನೀರು ತಾಕಿಸಲಿಲ್ಲ. ಗೆರೆ ಮಾಸಿದರೆ ಪೆನ್ನು ತೆಗೆದುಕೊಂಡು ಸರಿತಾಳ ಹಿಂದೆ ಸುತ್ತುತ್ತಿದ್ದಳು. ಕುಂದುರ್ಪಿಯಿಂದ, ಕಂಬದೂರಿನಿಂದ ಕ್ಲಿನಿಕ್ಕಿಗೆ ಬಂದು ಬೆಂಚಿನ ಮೇಲೆ ಕೂತ ಕುರಿಗಾಹಿಗಳಿಗೆಲ್ಲ ಸೆರಗು ಸರಿಸಿ ತೋಳು ತೋರಿಸಿ, ಐದು ಮೂರು ಆರು ಅಂತ ಪಾಠ ಹೇಳಿದ್ದೇ ಹೇಳಿದ್ದು. ಮೊಣಕಾಲು ನೋವಿಗೆ ಬಂದವನಿಗೂ ಬಿಡಲಿಲ್ಲ. ಆದರೆ ಕೈ ಮಾತ್ರ ಎದ್ದಿರಲಿಲ್ಲ. ಮಣಿಕಟ್ಟಿಗೆ ಆಸರೆಯ ಪಟ್ಟಿ ಕಟ್ಟಿಕೊಂಡು ದಿನಕ್ಕೆ ಐವತ್ತು ಸಲ ಇಲ್ಲದ ಬಸ್ಸನ್ನು ನಿಲ್ಲಿಸಲು ನೋಡುತ್ತಿದ್ದಳು.

ಆರು ವಾರವಾಯಿತು. ಒಂದು ಬೆಳಿಗ್ಗೆ ಲಕ್ಷ್ಮಣಪ್ಪ ಫೋನು ಮಾಡಿ ಕೈ ಹೇಗಿದೆ ಅಂತ ವಿಚಾರಿಸಿದ. ಹಾಸಿನ ಮಾತೇ ಎತ್ತಲಿಲ್ಲ. ಆದರೆ ಅವನ ಮನೆಯಿಂದ ಮಾತಾಡುವಾಗ ಹಿಂದೆ ಯಾವಾಗಲೂ ಕೇಳುವ ಮಗ್ಗದ ಸದ್ದು ಕೇಳಲಿಲ್ಲ. ಗಂಗುಲಮ್ಮ ಫೋನು ಇಟ್ಟು, ಯಾವತ್ತು ಬರುತ್ತದೆ ನಿಜ ಹೇಳು ಅಂತ ಸರಿತಾಳನ್ನು ಹಿಡಿದು ಕೇಳಿದಳು. ಬಂದೇ ಬರುತ್ತದೆ, ಯಾವತ್ತು ಅಂತ ಹೇಳಲಾಗದು ಅಂದಳು ಸರಿತಾ.

ಗಂಗುಲಮ್ಮ ತೋಳಿನ ನೀಲಿ ಗೆರೆಗಳನ್ನು ನೋಡುತ್ತ ಕೂತಳು. ಐದು ಕಡೆಯಿಂದ ಬಂದ ಎಳೆ. ಯಾವುದು ಯಾವುದರೊಳಗೆ ಸೇರಿತು ಅಂತ ಸರಿತಾಳಂಥ ಓದಿದವಳೂ ಬಿಡಿಸಿ ತೋರಿಸಲಾರಳು. ಅಷ್ಟು ಕಲೆತೂ ಅರವತ್ತು ವರ್ಷ ಒಂದು ಎಳೆ ಹರಿದಿಲ್ಲ. ತಾನು ಮಾತ್ರ ಎರಡು ಕೈ ಸೇರಿದರೆ ಕೆಡುತ್ತದೆ ಅಂತ ಬೀದಿಯಲ್ಲಿ ನಿಂತು ಕೂಗಿದ್ದಳು. ಅವಳಿಗೆ ಬಹಳ ನಾಚಿಕೆಯಾಯಿತು. ಮರುದಿನವೇ ಹಿಂದೂಪುರದ ಬಸ್ಸು ಹತ್ತಿ, ಮನೆಗೂ ಹೋಗದೆ ನೇರ ಮುನೆಮ್ಮನ ಬಾಗಿಲಿಗೆ ಹೋದಳು.

ಮುನೆಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ಸುಲಿಯತೊಡಗಿದಳು.

"ನನ್ ಕೈ ಬಿದ್ದೋಗೈತೆ ಮುನೆಮ್ಮ," ಅಂದಳು ಗಂಗುಲಮ್ಮ. "ಲಕ್ಷ್ಮಣಪ್ಪನ ಹಾಸು ಅರ್ಧಕ್ಕೆ ನಿಂತೈತೆ. ನೀನು ಬಂದು ಕೆಚ್ಚಿಕೊಡು."

"ನನ್ ಕೈ ಬಿದ್ರೆ ಹರಿತದೆ ಅಂದಿದ್ದೆ ನೀನು."

"ಅಂದಿದ್ದೆ. ನಂದೇ ತಪ್ಪು ಕಣಮ್ಮ."

ಮುನೆಮ್ಮ ಮೊರದಲ್ಲಿದ್ದ ಕಾಯಿ ಮುಗಿಯುವವರೆಗೂ ಸುಲಿದಳು. ಆಮೇಲೆ ಸೆರಗು ಕೊಡವಿ ಎದ್ದು ಬಂದಳು.

ಲಕ್ಷ್ಮಣಪ್ಪ ಹಾಸಿನ ಮೇಲಿನ ಪಂಚೆ ಸರಿಸಿದ. ಮುನೆಮ್ಮ ಹೊಸೆದಳು, ಗಂಗುಲಮ್ಮ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಎಳೆ ಬಿಡಿಸಿ ಹಿಡಿದಳು. ಸೆಕೆಗೆ ಮಣಿಕಟ್ಟಿನ ಪಟ್ಟಿ ಬಿಚ್ಚಿಟ್ಟಿದ್ದಳು. ಸಂಜೆಗೆ ಮೂರು ನಾಲ್ಕು ಎಳೆ ಉಳಿದಾಗ ಮುನೆಮ್ಮ ತಲೆಯೆತ್ತದೆ ಬೂದಿ ಕೊಡು ಅಂದಳು. ಎಡಗೈಯಲ್ಲಿ ಎಳೆಯಿತ್ತು. ಗಂಗುಲಮ್ಮ ಯೋಚಿಸದೆ ಬಲಗೈಯಿಂದಲೇ ಬೂದಿಯ ತಟ್ಟೆಯನ್ನು ತಳ್ಳಿದಳು. ಮುನೆಮ್ಮ ಹೊಸೆಯುವುದನ್ನು ನಿಲ್ಲಿಸಿದಳು.

"ಅಕ್ಕ, ನಿನ್ ಕೈ."

ಮಣಿಕಟ್ಟು ಎದ್ದಿತ್ತು. ಒಂದು ಬೆರಳಿನ ಅಗಲವಷ್ಟೇ. ನಡುಗಿ ಬಿತ್ತು. ಗಂಗುಲಮ್ಮ ಉಸಿರು ಹಿಡಿದು ಇನ್ನೊಮ್ಮೆ ಎತ್ತಿದಳು. ಎದ್ದಿತು. ತೋಳಿನೊಳಗಿನ ಆ ಸಣ್ಣ ಕತ್ತಲಲ್ಲಿ, ಎಲುಬಿನ ಹಿಂದೆ, ಯಾರೂ ಕಾಣದ ಹಾಗೆ ಆರು ವಾರ ಏನೋ ಒಂದು ತನ್ನ ಪಾಡಿಗೆ ದುಡಿಯುತ್ತಲೇ ಇತ್ತು.

ಮುನೆಮ್ಮ ಕೊನೆಯ ಎರಡು ತುದಿಗಳನ್ನು ಗಂಗುಲಮ್ಮನ ಬೆರಳ ನಡುವೆ ಇಟ್ಟಳು. ಮಣಿಕಟ್ಟು ಮತ್ತೆ ಜೋಲತೊಡಗಿದಾಗ ತನ್ನ ಅಂಗೈಯನ್ನು ಅದರ ಕೆಳಗೆ ಆನಿಸಿ ಹಿಡಿದಳು. ಹಾಗೆಯೇ ಆ ಎಳೆ ಹೊಸೆದುಕೊಂಡಿತು.

ಲಕ್ಷ್ಮಣಪ್ಪ ಹಾಸನ್ನು ಮೆಲ್ಲಗೆ ಎಳೆದ. ನಾಲ್ಕೂವರೆ ಸಾವಿರ ಎಳೆಯೂ ಅಚ್ಚಿನಲ್ಲಿ ನುಸುಳಿ ಬಂದವು, ಒಂದೂ ಹರಿಯಲಿಲ್ಲ. ಗಂಗುಲಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಈ ಅಂಚಿನಿಂದ ಆ ಅಂಚಿನವರೆಗೆ ಹುಡುಕಿದಳು.

"ನಂದೆಲ್ಲಿ ಮುಗೀತು, ನಿಂದೆಲ್ಲಿ ಸುರುವಾಯ್ತು, ಗೊತ್ತೇ ಆಗ್ತಿಲ್ಲ ಕಣೇ," ಅಂದಳು. ಮುನೆಮ್ಮ ಇನ್ನೂ ಅವಳ ಮಣಿಕಟ್ಟು ಹಿಡಿದೇ ಇದ್ದಳು.