ಕಮಾನಿನ ಮೇಲೆ ಸರಸುವಿನ ಹೆಸರು

ದೆಹಲಿಯಾಚೆ ಮಾನೇಸರ್ ದಾಟಿದ ಮೇಲೆ ಹೆದ್ದಾರಿಯ ಪಕ್ಕ ಒಂದು ಥೀಮ್ ಪಾರ್ಕ್ ಇತ್ತು. ಅದರೊಳಗೆ ಒಬ್ಬ ಹಿಂದಿ ಸಿನಿಮಾ ನಟ ಕೊಡಗಿನ ಅಡುಗೆಯ ಹೋಟೆಲು ನಡೆಸುತ್ತಿದ್ದ. ಪ್ಲಾಸ್ಟಿಕ್ ಕಾಫಿ ಗಿಡ, ಗುಂಡಿ ಒತ್ತಿದರೆ ಬೀಳುವ ಜಲಪಾತ, ಆಗಾಗ ಘೀಳಿಡುವ ರಬ್ಬರ್ ಆನೆ. ಈಗ ಅಲ್ಲಿ ಗೋದಾಮು ಎದ್ದಿದೆ. ಆ ನಟನ ಹೆಸರು ನಾನು ಬರೆಯುವುದಿಲ್ಲ. ಅವನ ಹೆಸರು ಬೇಕಾದಷ್ಟು ಕಡೆ ಇದೆ.

ನಾನು ಬರೆಯುತ್ತಿರುವುದು ಬೋಜಮ್ಮನ ಬಗ್ಗೆ. ದೆಹಲಿಯ ರೋಹಿಣಿ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯವರು. ಗಂಡ ಪೊನ್ನಣ್ಣ ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ಉಳಿದರು. ರೆಜಿಮೆಂಟಿನ ಯಾವುದೋ ಪಾರ್ಟಿಯಲ್ಲಿ ಬೋಜಮ್ಮ ಮಾಡಿದ ಹಂದಿಮಾಂಸದ ಪಂದಿ ಕರಿ ತಿಂದು ನಟ ಬೆರಳು ಚೀಪಿದ, ತನ್ನ ಹೋಟೆಲಿಗೆ ಕರೆದ. ಆಕೆಯದು ಒಂದೇ ಷರತ್ತು: ಕೈರುಚಿ ತಮ್ಮ ಅವ್ವ ಸರಸುವಿನದು, ಬಾಗಿಲ ಮೇಲೆ ಅವ್ವನ ಹೆಸರಿರಬೇಕು. “ಪಕ್ಕಾ, ಆಂಟೀಜಿ” ಎಂದು ಕಾಲು ಮುಟ್ಟಿದ. ನಂಬಿದ ಬೋಜಮ್ಮ ಊರಿಂದ ಕಾಚಂಪುಳಿ ತರಿಸಿ, ಆ ಕಪ್ಪು ಹುಳಿಯನ್ನು ಯಾವ ಹದಕ್ಕೆ ಹಾಕಬೇಕೆಂದು ಅಲ್ಲಿನ ಅಡುಗೆಯವರಿಗೆಲ್ಲ ಕಲಿಸಿದರು.

ಉದ್ಘಾಟನೆಗೆ ಮುಂಚೆ ನಟ ಟಿ.ವಿ.ಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇದು ತನ್ನ ನಾನಿಯ ಕೈ ಅಡುಗೆ ಎಂದ. ಆ ಅಜ್ಜಿ ಈರುಳ್ಳಿಯನ್ನೂ ಮುಟ್ಟದವಳೆಂದು ಹಿಂದಿನ ವರ್ಷ ಅದೇ ಬಾಯಲ್ಲಿ ಹೇಳಿದ್ದ. ಬೋಜಮ್ಮ ಹೋಗಿ ಕೇಳಿದರೆ ನಕ್ಕುಬಿಟ್ಟ.

“ಸರಸೂ ಕೋ ಕೌನ್ ಜಾನ್ತಾ ಹೈ, ಆಂಟೀಜಿ? ನಾನಿ ಬಿಕ್ತೀ ಹೈ.”

ಸರಸು ಯಾರಿಗೆ ಗೊತ್ತು, ಮಾರಾಟವಾಗುವುದು ನಾನಿಯ ಹೆಸರೇ ಎಂಬ ಮಾತಿಗೆ ಬೋಜಮ್ಮನ ಮೈಯೆಲ್ಲ ಉರಿಯಿತು. ಆದರೂ ಕೆಲಸ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಕಾದರು.

ಅದೇ ವಾರ ಮ್ಯಾನೇಜರ್ ಕಾಗದ ಹಿಡಿದು ಬಂದ. ಬಾಗಿಲ ಕಮಾನಿನ ಮೇಲೆ ಹಿತ್ತಾಳೆಯಲ್ಲಿ ಕೂರಿಸಲು ಸ್ವಾಗತದ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಬೇಕಂತೆ. ಈ ಜಿಲೇಬಿ ಅಕ್ಷರ ಸಾಹೇಬರಿಗೆ ಬಹಳ ಇಷ್ಟವಂತೆ. ಬೋಜಮ್ಮ ಕೈ ತೊಳೆದುಕೊಂಡು ಬಂದು, ದುಂಡಗೆ ಬರೆದುಕೊಟ್ಟರು:

“ಅಡುಗೆ ಸರಸುವಿನದು. ಕದ್ದವನು ನಾನು.”

ಹಿತ್ತಾಳೆಯ ಅಕ್ಷರ ಕಮಾನಿಗೇರಿದ ದಿನ ಏಪ್ರನ್ ಬಿಚ್ಚಿಟ್ಟು ಮನೆಗೆ ಬಂದರು. ಆ ಅಕ್ಷರಗಳ ಕೆಳಗೆ ನಟ ಕೈಮುಗಿದು ನಿಂತ ಫೋಟೋ ಪೇಪರಿನಲ್ಲೆಲ್ಲ ಬಂತು. ಗುರುಗ್ರಾಮದ ಆಫೀಸುಗಳ ನಮ್ಮ ಹುಡುಗರು ಊಟಕ್ಕಿಂತ ಹೆಚ್ಚಾಗಿ ಅಲ್ಲಿ ಸೆಲ್ಫಿ ತೆಗೆದುಕೊಳ್ಳಲು ಹೋಗುತ್ತಿದ್ದರು. ಮ್ಯಾನೇಜರ್ ಅದನ್ನೂ ಪ್ರಚಾರವೆಂದುಕೊಂಡ. ಒಬ್ಬ ಕನ್ನಡಿಗನೂ ಬಾಯಿ ಬಿಡಲಿಲ್ಲ, ಪುಣ್ಯವಂತರು.

ಪಾರ್ಕ್ ನಷ್ಟದಲ್ಲಿ ಮುಳುಗಿತು, ಆನೆ ಗುಜರಿಗೆ ಹೋಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೋಜಮ್ಮ ಮಾತ್ರ ಆ ಅಕ್ಷರಗಳೂ ಹೋದವಲ್ಲ ಎಂದು ಸಪ್ಪಗಾದರು.

ಮೊನ್ನೆ ಭಾನುವಾರ ಅವರ ಮನೆಯಲ್ಲಿ ಟಿ.ವಿ. ನೋಡುತ್ತಿದ್ದೆವು. ನಟ ತನ್ನ ಹೊಸ ಬಂಗಲೆ ತೋರಿಸುತ್ತಿದ್ದ. ದೇವರ ಕೋಣೆಯ ಬಾಗಿಲ ಮೇಲೆ ಅದೇ ಹಿತ್ತಾಳೆ. ಅದು ದಕ್ಷಿಣದ ಮಂತ್ರವಂತೆ, ದಿನಾ ಬೆಳಿಗ್ಗೆ ಅದಕ್ಕೆ ತಲೆಬಾಗಿಯೇ ಒಳಗೆ ಹೋಗುತ್ತಾನಂತೆ.

ಪೊನ್ನಣ್ಣ ಚಹಾ ಕೆಳಗಿಟ್ಟರು. “ಪಾಪ, ಇನ್ನಾದ್ರೂ ಯಾರಾದ್ರೂ ಹೇಳ್ಬಾರ್ದಾ?”

“ಯಾಕೆ?” ಬೋಜಮ್ಮ ರಿಮೋಟ್ ಎತ್ತಿ ದನಿ ಜೋರು ಮಾಡಿದರು. “ದಿನಾ ನಮ್ಮವ್ವನಿಗೆ ತಲೆ ಬಗ್ಗಿಸ್ತಾನೆ. ಬಗ್ಗಿಸ್ಲಿ.”